ಎಮ್ಮೆ ಗೊಡ್ಡೆಂದು ಮಾರುವ ಮುನ್ನ

"ಈದು ಎಂಟು ತಿಂಗಳಾಯಿತು. ಇನ್ನೂ ಬೆದೆಗೆ ಬಂದಿಲ್ಲ. ಹಾಲೂ ಬತ್ತುತ್ತಾ ಬಂತು. ಗೊಡ್ಡು ಬಿದ್ದಿರಬೇಕು, ಬರುವ ಸಂತೆಗೆ ಹೊಡೆದುಬಿಡೋಣ." ಎಮ್ಮೆ ಸಾಕಿರುವ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ದಿನ ಕೇಳಿಬರುತ್ತದೆ. ಮಕ್ಕಳ ಶಾಲೆಯ ಖರ್ಚು, ಮನೆಯ ಕಿರಾಣಿ ಸಾಮಾನು, ಹಬ್ಬದ ಬಟ್ಟೆ ಎಲ್ಲವೂ ಹಾಲಿನ ದುಡ್ಡಿನಿಂದಲೇ ನಡೆಯುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಆದರೆ ಹೀಗೆ ಸಂತೆಗೆ ಹೋಗುವ ಎಮ್ಮೆಗಳೆಲ್ಲ ನಿಜವಾಗಿ ಗೊಡ್ಡೇ? ಅಲ್ಲ. ಒಮ್ಮೆ ಕರು ಹಾಕಿದ ಎಮ್ಮೆ ಶಾಶ್ವತವಾಗಿ ಗೊಡ್ಡಾಗುವುದು ಅಪರೂಪ. ಹೆಚ್ಚಿನವುಗಳಲ್ಲಿ ಮತ್ತೆ ಗಬ್ಬ ಕಟ್ಟುವುದು ತಡವಾಗಿದೆ, ಅಷ್ಟೆ. ಆ ತಡಕ್ಕೆ ಕಾರಣಗಳು ಮೇವಿನಲ್ಲಿ, ಹೆರಿಗೆಯ ಸಮಯದ ಆರೈಕೆಯಲ್ಲಿ, ಬಿಸಿಲಿನಲ್ಲಿ ಹಾಗೂ ನಮ್ಮ ಕಣ್ಣಿಗೆ ಬೀಳದೆ ಹೋದ ಬೆದೆಯಲ್ಲಿ ಇರುತ್ತವೆ. ಇವುಗಳಲ್ಲಿ ಬಹುಪಾಲು ಮನೆಯವರೇ ಸರಿಪಡಿಸಬಹುದಾದವು.

ಲೆಕ್ಕ ಹೀಗಿದೆ

ಎಮ್ಮೆಯ ಗಬ್ಬದ ಅವಧಿ ಸುಮಾರು 310 ದಿನ. ಅಂದರೆ ಹಸುವಿಗಿಂತ ಸುಮಾರು ಒಂದು ತಿಂಗಳು ಹೆಚ್ಚು. ಹದಿಮೂರು ತಿಂಗಳಿಗೊಂದು ಕರು ಸಿಗಬೇಕಾದರೆ ಎಮ್ಮೆ ಈದ 85 ದಿನಗಳ ಸುಮಾರಿಗೆ ಮತ್ತೆ ಗಬ್ಬ ನಿಲ್ಲಬೇಕು. ಹದಿನಾಲ್ಕು ತಿಂಗಳಾದರೂ ಅಡ್ಡಿಯಿಲ್ಲ ಎಂದುಕೊಂಡರೆ ಮೂರೂಮುಕ್ಕಾಲು ತಿಂಗಳ ಕಾಲಾವಕಾಶವಿದೆ.

ಹತ್ತು ತಿಂಗಳು ಹಾಲು ಕೊಡುವ ಎಮ್ಮೆಯನ್ನು ತೆಗೆದುಕೊಳ್ಳಿ. ಹದಿಮೂರು ತಿಂಗಳಿಗೊಮ್ಮೆ ಈದರೆ ಅದು ಹಾಲಿಲ್ಲದೆ ಮೇಯುವುದು ಮೂರು ತಿಂಗಳು ಮಾತ್ರ. ಹದಿನೆಂಟು ತಿಂಗಳಿಗೊಮ್ಮೆ ಈದರೆ ಎಂಟು ತಿಂಗಳು. ಹತ್ತು ವರ್ಷದಲ್ಲಿ ಒಂಬತ್ತು ಸೂಲು ಕೊಡಬಹುದಾದ ಎಮ್ಮೆ ಆರೇ ಸೂಲಿಗೆ ನಿಲ್ಲುತ್ತದೆ. ಮೂರು ಕರು, ಮೂರು ಸೂಲಿನ ಹಾಲು ನಷ್ಟ. ಮೇವಿನ ಖರ್ಚು ಮಾತ್ರ ಎರಡೂ ಕಡೆ ಒಂದೇ.

ಈದ ನಂತರ ಒಳಗೆ ಏನಾಗುತ್ತದೆ?

ಹೆರಿಗೆಯ ದಿನ ಎಮ್ಮೆಯ ಗರ್ಭಕೋಶ ದೊಡ್ಡ ಚೀಲದಂತೆ ಹಿಗ್ಗಿರುತ್ತದೆ. ಅದು ಕುಗ್ಗಿ ಮೊದಲಿನ ಗಾತ್ರಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ಎರಡು ಮೂರು ವಾರ ಕೆಂಪು ಅಥವಾ ಕಂದು ಬಣ್ಣದ ಸ್ರಾವ ಹೋಗುವುದು ಸಹಜ. ದುರ್ವಾಸನೆ ಇಲ್ಲದಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ.

ಇದೇ ಸಮಯದಲ್ಲಿ, ಗಬ್ಬದ ತಿಂಗಳುಗಳಲ್ಲಿ ಸುಮ್ಮನಿದ್ದ ಅಂಡಾಶಯ ಮತ್ತೆ ಕೆಲಸ ಆರಂಭಿಸಬೇಕು. ಅದಕ್ಕೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನುಗಳ ಆದೇಶ ಬರಬೇಕು. ದೇಹದಲ್ಲಿ ಶಕ್ತಿಯಿಲ್ಲದಿದ್ದರೆ, ಮೈಯಲ್ಲಿ ಸೋಂಕಿದ್ದರೆ, ಬಿಸಿಲಿನ ಬೇಗೆ ಹೆಚ್ಚಾದರೆ ಈ ಆದೇಶ ತಡವಾಗುತ್ತದೆ. ಎಮ್ಮೆಯ ದೇಹ ಮೊದಲು ತನ್ನ ಪ್ರಾಣ ನೋಡಿಕೊಳ್ಳುತ್ತದೆ, ಆಮೇಲೆ ಕರುವಿನ ಹಾಲು, ಕೊನೆಗೆ ಮುಂದಿನ ಗಬ್ಬ. ಈ ಸರದಿಯನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯಗಳು ಸುಲಭವಾಗಿ ಅರ್ಥವಾಗುತ್ತವೆ.

ಮೇವು: ಈಯುವ ಮೊದಲೇ ಆರಂಭ

ಈದ ಮೊದಲ ಒಂದೆರಡು ತಿಂಗಳಲ್ಲಿ ಹಾಲು ಏರುತ್ತಾ ಹೋಗುತ್ತದೆ. ಆದರೆ ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಆ ಕೊರತೆಯನ್ನು ಎಮ್ಮೆ ತನ್ನ ಮೈಯಲ್ಲಿ ಶೇಖರವಾದ ಕೊಬ್ಬಿನಿಂದ ತುಂಬಿಕೊಳ್ಳುತ್ತದೆ. ಈಯುವಾಗಲೇ ಪಕ್ಕೆಲುಬು ಎಣಿಸುವಂತಿದ್ದರೆ ತೆಗೆಯಲು ಏನೂ ಉಳಿದಿರುವುದಿಲ್ಲ. ಅಂಥ ಎಮ್ಮೆ ತಿಂಗಳುಗಟ್ಟಲೆ ಬೆದೆಗೆ ಬಾರದಿದ್ದರೆ ಆಶ್ಚರ್ಯವಿಲ್ಲ. ಮೊದಲ ಸೂಲಿನ ಎಮ್ಮೆಯದು ಇನ್ನೂ ಕಷ್ಟ. ತನ್ನ ಮೈ ಬೆಳೆಯುವುದಕ್ಕೂ ಅದೇ ಮೇವು ಸಾಲಬೇಕು.

ಆದ್ದರಿಂದ ಆರೈಕೆ ಈಯುವುದಕ್ಕೆ ಎರಡು ತಿಂಗಳು ಮೊದಲೇ ಆರಂಭವಾಗಬೇಕು. ಆ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಿ. ದಿನದ ಮೇವಿನ ಜೊತೆಗೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರ ಕೊಡಿ. ಈದ ನಂತರ ಮೈ ನಿರ್ವಹಣೆಗೆ ಕೊಡುವುದರ ಜೊತೆಗೆ, ಪ್ರತಿ ಎರಡು ಲೀಟರ್ ಹಾಲಿಗೆ ಸುಮಾರು ಒಂದು ಕಿಲೋದಂತೆ ಲೆಕ್ಕ ಹಾಕಿ. ಹಸುವಿಗಿಂತ ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚಿರುವುದರಿಂದ ಈ ಪ್ರಮಾಣವೂ ಹೆಚ್ಚು. ಆದರೆ ಒಂದೇ ದಿನದಲ್ಲಿ ಏರಿಸಬೇಡಿ, ಹೊಟ್ಟೆ ಕೆಡುತ್ತದೆ. ಎರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ಹಾಗೆಂದು ಎಮ್ಮೆಯನ್ನು ಅತಿಯಾಗಿ ಕೊಬ್ಬಿಸುವುದೂ ಒಳ್ಳೆಯದಲ್ಲ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಿಂದ ಒತ್ತಿ ನೋಡಿದರೆ ಸಿಗಬೇಕು. ಇದು ಸುಲಭವಾದ ಅಳತೆ.

ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಕಣಿಕೆ ಹೊಟ್ಟೆ ತುಂಬಿಸುತ್ತವೆ. ಆದರೆ ಇವುಗಳಿಂದಲೇ ರಂಜಕ, ತಾಮ್ರ, ಸತುವಿನಂತಹ ಖನಿಜಗಳು ಸಾಕಷ್ಟು ಸಿಗುವುದಿಲ್ಲ. ಖನಿಜಗಳ ಕೊರತೆಯಿಂದ ಬೆದೆ ನಿಲ್ಲುತ್ತದೆ, ಬೆದೆ ಬಂದರೂ ಗಬ್ಬ ನಿಲ್ಲುವುದಿಲ್ಲ. ಪ್ರತಿದಿನ ಸುಮಾರು 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿ ಬೂಸಾದಲ್ಲಿ ಬೆರೆಸಿ ಕೊಡಿ. ಬರೀ ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ನೇಪಿಯರ್, ಕುದುರೆ ಮೆಂತೆ, ಅಲಸಂದೆಯಂತಹ ಹಸಿ ಮೇವು ಸ್ವಲ್ಪವಾದರೂ ಇರಲಿ. ಕೆರೆ ಅಂಗಳದಲ್ಲಿ, ಗದ್ದೆ ಬಯಲಿನಲ್ಲಿ ಮೇಯುವ ಎಮ್ಮೆಗಳಿಗೆ ಯಕೃತ್ತಿನ ಚಪ್ಪಟೆ ಹುಳುಗಳ ಬಾಧೆ ಹೆಚ್ಚು. ತಿಂದದ್ದು ಮೈಗೆ ಹತ್ತದಿದ್ದರೆ ಸಗಣಿ ಪರೀಕ್ಷೆ ಮಾಡಿಸಿ ಔಷಧ ಹಾಕಿಸಬೇಕು.

ಹೆರಿಗೆಯ ದಿನದ ತಪ್ಪುಗಳು

ಕರು ಹೊರಬಂದ ಕೆಲವು ಗಂಟೆಗಳಲ್ಲಿ ಸತ್ತೆ ಬೀಳಬೇಕು. ಕೆಲವು ಕಡೆ ಇದನ್ನು ಮಾಸು ಅಥವಾ ಕಸ ಎನ್ನುತ್ತಾರೆ. ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರಿಗೆ ತಿಳಿಸಿ. ನೇತಾಡುವ ಸತ್ತೆಗೆ ಕಲ್ಲು, ಹಳೆಯ ಚಪ್ಪಲಿ ಕಟ್ಟುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಇದನ್ನು ಖಂಡಿತ ಮಾಡಬೇಡಿ. ಭಾರಕ್ಕೆ ಗರ್ಭಕೋಶದ ಒಳಪದರ ಹರಿದು ರಕ್ತಸ್ರಾವವಾಗಬಹುದು, ಗರ್ಭಕೋಶವೇ ಹೊರಗೆ ಬರಬಹುದು. ಕೈಹಾಕಿ ಎಳೆಯುವುದೂ ಅಷ್ಟೇ ಅಪಾಯ.

ಕರು ಅಡ್ಡವಾಗಿದ್ದಾಗ ನಾಲ್ಕಾರು ಮಂದಿ ಸೇರಿ ಎಳೆಯುವುದು, ತೊಳೆಯದ ಕೈಯನ್ನು ಒಳಗೆ ಹಾಕುವುದು, ಸಗಣಿ ತುಂಬಿದ ನೆಲದ ಮೇಲೆ ಹೆರಿಗೆ ಮಾಡಿಸುವುದು ಇವೆಲ್ಲ ಗರ್ಭಕೋಶಕ್ಕೆ ಸೋಂಕನ್ನು ಆಹ್ವಾನಿಸಿದಂತೆ. ಆ ದಿನ ಏನೂ ಕಾಣದಿರಬಹುದು. ವಾರ ಕಳೆದ ಮೇಲೆ ದುರ್ವಾಸನೆಯ ಸ್ರಾವ, ಜ್ವರ, ಮೇವು ಬಿಡುವುದು ಕಂಡುಬರುತ್ತದೆ. ಇನ್ನು ಕೆಲವು ಎಮ್ಮೆಗಳಲ್ಲಿ ಜ್ವರವೂ ಇರುವುದಿಲ್ಲ. ಬೆದೆಗೆ ಬಂದಾಗ ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿರುವ ಬದಲು ಮಸುಕಾಗಿ, ಕೀವಿನ ಎಳೆಗಳಿಂದ ಕೂಡಿರುತ್ತದೆ. ಅಂತಹ ಗರ್ಭಕೋಶದಲ್ಲಿ ಎಷ್ಟು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಪ್ರಯೋಜನವಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಗರ್ಭಧಾರಣೆ.

ಹೆರಿಗೆಯ ಜಾಗ ಒಣಗಿರಲಿ. ಒಣಹುಲ್ಲು ಹಾಸಿ. ನೀರು ಒಡೆದು ಎರಡು ಗಂಟೆಯಾದರೂ ಕರು ಕಾಣಿಸದಿದ್ದರೆ ಊರಿನ ಬಲಶಾಲಿಗಳನ್ನಲ್ಲ, ವೈದ್ಯರನ್ನು ಕರೆಸಿ.

ಕರುವನ್ನು ಮರೆಯಬೇಡಿ

ಕರು ದಿನವಿಡೀ ತಾಯಿಯ ಬಳಿಯೇ ಇದ್ದು ಬೇಕೆಂದಾಗಲೆಲ್ಲ ಮೊಲೆ ಚೀಪುತ್ತಿದ್ದರೆ ಬೆದೆ ತಡವಾಗುತ್ತದೆ. ಚೀಪುವಿಕೆಯಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನಿನ ಆದೇಶ ಕುಗ್ಗುವುದೇ ಇದಕ್ಕೆ ಕಾರಣ. ಹಾಗೆಂದು ಕರುವಿನ ಹಾಲು ಕಸಿದುಕೊಳ್ಳುವುದು ಸರಿಯಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಸಿಗಲೇಬೇಕು. ನಂತರದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಕರೆಯುವ ಸಮಯದಲ್ಲಿ ಬಿಟ್ಟು, ಉಳಿದ ವೇಳೆ ಬೇರೆ ಕಟ್ಟಿದರೆ ಸಾಕು.

ಕೋಣಗರು ಹುಟ್ಟಿತೆಂದು ಅಲಕ್ಷ್ಯ ಮಾಡಿ ಅದು ಸತ್ತುಹೋದರೆ ಅನೇಕ ಎಮ್ಮೆಗಳು ಹಾಲು ಬಿಡುವುದಿಲ್ಲ. ಆಗ ಕೆಲವರು ಆಕ್ಸಿಟೋಸಿನ್ ಸೂಜಿಮದ್ದಿನ ಮೊರೆ ಹೋಗುತ್ತಾರೆ. ವೈದ್ಯರ ಚೀಟಿಯಿಲ್ಲದೆ ದಿನವೂ ಈ ಮದ್ದು ಚುಚ್ಚುವುದು ತಪ್ಪು. ಇದು ಗರ್ಭಕೋಶವನ್ನು ಸಂಕುಚಿಸುವ ಹಾರ್ಮೋನು ಎಂಬುದನ್ನು ಮರೆಯಬಾರದು. ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಸೂಜಿಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಬಿಸಿಲು ಮತ್ತು ಋತು

ಎಮ್ಮೆ ಹಗಲು ಕಿರಿದಾಗುವ ಕಾಲದಲ್ಲಿ ಹೆಚ್ಚಾಗಿ ಬೆದೆಗೆ ಬರುವ ಪ್ರಾಣಿ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ರಾತ್ರಿ ಉದ್ದವಾದಷ್ಟೂ ಅದರ ಪ್ರಭಾವ ಹೆಚ್ಚು. ಹರಿಯಾಣ, ಪಂಜಾಬಿನಲ್ಲಿ ಬೇಸಿಗೆಯ ಮತ್ತು ಚಳಿಗಾಲದ ಹಗಲಿನ ನಡುವೆ ಮೂರೂವರೆ ಗಂಟೆಗೂ ಮೀರಿದ ವ್ಯತ್ಯಾಸವಿದೆ. ಹೀಗಾಗಿ ಅಲ್ಲಿನ ಮುರ್ರಾ ಎಮ್ಮೆಗಳಲ್ಲಿ ಋತುವಿನ ಪ್ರಭಾವ ಎದ್ದು ಕಾಣುತ್ತದೆ. ನಮ್ಮ ಕರ್ನಾಟಕದ ಹೆಚ್ಚಿನ ಕಡೆ ಆ ವ್ಯತ್ಯಾಸ ಎರಡು ಗಂಟೆಯ ಒಳಗೇ. ಆದರೂ ನಮ್ಮಲ್ಲಿ ಮಾರ್ಚಿಯಿಂದ ಮೇ ತನಕದ ಬಿಸಿಲು ಮತ್ತು ಹಸಿ ಮೇವಿನ ಅಭಾವ ಎರಡೂ ಒಟ್ಟಿಗೆ ಬರುತ್ತವೆ. ಜನವರಿ, ಫೆಬ್ರುವರಿಯಲ್ಲಿ ಈದ ಎಮ್ಮೆ ಮತ್ತೆ ಗಬ್ಬ ಕಟ್ಟಬೇಕಾದ ಹೊತ್ತಿಗೆ ಸರಿಯಾಗಿ ಈ ಕಡುಬೇಸಿಗೆ ಎದುರಾಗುತ್ತದೆ.

ಎಮ್ಮೆಯ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ಮೈ ತಂಪಾಗಿಸುವ ಬೆವರುಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಅದು ಕೆರೆಗೆ ಇಳಿದು ಗಂಟೆಗಟ್ಟಲೆ ಮಲಗುವುದು ಸೋಮಾರಿತನದಿಂದಲ್ಲ, ಅನಿವಾರ್ಯದಿಂದ. ಮೈ ಕಾದರೆ ಬೆದೆಯ ಲಕ್ಷಣ ಮಂಕಾಗುತ್ತದೆ. ನಿಂತ ಗಬ್ಬವೂ ಮೊದಲ ವಾರಗಳಲ್ಲೇ ಕರಗಿಹೋಗಬಹುದು. ಕೆರೆಯ ಅನುಕೂಲವಿಲ್ಲದವರು ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಹೊಯ್ಯಬೇಕು. ತಗಡಿನ ಸೂರಿದ್ದರೆ ಮೇಲೆ ತೆಂಗಿನ ಗರಿ ಹೊದಿಸಿ. ಕುಡಿಯುವ ನೀರು ಸದಾ ಇರಲಿ. ಮೇವನ್ನು ಮುಂಜಾನೆ ಮತ್ತು ರಾತ್ರಿ ಹೆಚ್ಚಾಗಿ ಹಾಕಿ.

ಕಾಣದ ಬೆದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಸು ಬೆದೆಗೆ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಎಮ್ಮೆಯದು ಹಾಗಲ್ಲ. ಬೆದೆಗೆ ಬಂದ ಎಮ್ಮೆ ಬೇರೆ ಎಮ್ಮೆಗಳ ಮೇಲೆ ಹತ್ತುವುದು ಅಪರೂಪ. ಅನೇಕ ಎಮ್ಮೆಗಳಲ್ಲಿ ಲಕ್ಷಣಗಳು ಎಷ್ಟು ಮಂದವೆಂದರೆ, ಇದಕ್ಕೆ ಮೂಕ ಬೆದೆ ಎಂದೇ ಹೆಸರು. ಅಂಡಾಶಯ ತನ್ನ ಕೆಲಸ ಮಾಡುತ್ತಿರುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೆ.

ಬೆದೆ ಇರುವುದು ಸುಮಾರು 12ರಿಂದ 24 ಗಂಟೆ. ಅದೂ ಹಲವು ಸಲ ರಾತ್ರಿ ಅಥವಾ ಬೆಳಗಿನ ಜಾವದಲ್ಲಿ ಆರಂಭವಾಗುತ್ತದೆ. ಮನೆಯವರು ಏಳುವ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನಾಲ್ಕು ಬೆದೆ ತಪ್ಪಿದರೆ ಸುಮಾರು ಮೂರು ತಿಂಗಳು ಹೋದಂತೆ. "ಎಮ್ಮೆ ಬೆದೆಗೆ ಬಂದೇ ಇಲ್ಲ" ಎನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ.

ಇದನ್ನು ಮೊದಲು ಗುರುತಿಸಬಲ್ಲವರು ದಿನವೂ ಎಮ್ಮೆಯ ಮೈ ಮುಟ್ಟಿ ಹಾಲು ಕರೆಯುವವರು. ಈ ಕೆಳಗಿನವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಬೆದೆ ಎಂದು ತಿಳಿಯಿರಿ:

ಇದ್ದಕ್ಕಿದ್ದಂತೆ ಹಾಲು ಕಡಿಮೆಯಾಗುವುದು, ಅಥವಾ ಹಾಲು ಬಿಡಲು ಸತಾಯಿಸುವುದು.

ಗೋದಲಿಯಲ್ಲಿ ಮೇವು ಉಳಿಯುವುದು, ಎಮ್ಮೆ ಚಡಪಡಿಸುವುದು.

ಪದೇ ಪದೇ ಸ್ವಲ್ಪ ಸ್ವಲ್ಪ ಮೂತ್ರ ಮಾಡುವುದು, ಬಾಲ ಎತ್ತಿ ನಿಲ್ಲುವುದು.

ಕಾರಣವಿಲ್ಲದೆ ಕೂಗುವುದು.

ಯೋನಿಯ ತುಟಿ ಊದಿಕೊಂಡು ಮೇಲಿನ ನೆರಿಗೆ ಮಾಯವಾಗುವುದು, ಒಳಗೆ ಕೆಂಪಾಗಿರುವುದು.

ತಿಳಿ ಲೋಳೆ. ಹಸುವಿನಂತೆ ಇದು ಉದ್ದಕ್ಕೆ ಜೋತುಬೀಳುವುದು ಕಡಿಮೆ. ಎಮ್ಮೆ ಮಲಗಿದಾಗ ಅಥವಾ ಹಾಲು ಕರೆಯುವಾಗ ಹೊರಬರುತ್ತದೆ. ಆದ್ದರಿಂದ ಬೆಳಿಗ್ಗೆ ಸಗಣಿ ಬಾಚುವ ಮುನ್ನ ಎಮ್ಮೆ ಮಲಗಿದ್ದ ಜಾಗವನ್ನು ಒಮ್ಮೆ ನೋಡಿ.

ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಅಂಡ ಹೊರಬೀಳುವುದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯಾದ ಮೇಲೆ. ಬೆದೆ ಕಂಡ ಕೂಡಲೇ ಅವಸರ ಮಾಡುವುದೂ, ಮರುದಿನ ಸಂಜೆಯವರೆಗೆ ತಳ್ಳುವುದೂ ಎರಡೂ ವ್ಯರ್ಥ. ಊರಿನಲ್ಲಿ ಕೋಣವಿದ್ದರೆ ಬೆದೆ ಪತ್ತೆಹಚ್ಚಲು ಅದರಷ್ಟು ನಿಪುಣ ಯಾರೂ ಇಲ್ಲ. ಆದರೆ ಒಂದೇ ಕೋಣವನ್ನು ವರ್ಷಗಟ್ಟಲೆ ಊರಿನ ಎಲ್ಲ ಎಮ್ಮೆಗಳಿಗೂ ಬಿಟ್ಟರೆ ತಂದೆ ಮಗಳೆನ್ನದೆ ಸಂಕರವಾಗಿ ತಳಿ ಕೆಡುತ್ತದೆ, ರೋಗವೂ ಹರಡುತ್ತದೆ. ಧಾರವಾಡಿ, ಪಂಢರಪುರಿಯಂತಹ ನಮ್ಮ ಸೀಮೆಯ ಎಮ್ಮೆ ಸಾಕಿದವರು ಅದೇ ತಳಿಯ ವೀರ್ಯ ಸಿಗುವುದೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ವೈದ್ಯರ ಬಳಿ ಯಾವಾಗ?

ಈದು 90 ದಿನವಾದರೂ ಬೆದೆ ಕಾಣದಿದ್ದರೆ, ಅಥವಾ ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಎಮ್ಮೆ ತಿರುಗಿ ಬೆದೆಗೆ ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿ. ವೈದ್ಯರು ಗುದದ ಮೂಲಕ ಕೈಹಾಕಿ ಗರ್ಭಕೋಶ ಮತ್ತು ಅಂಡಾಶಯವನ್ನು ಮುಟ್ಟಿ ನೋಡುತ್ತಾರೆ. ಅಂಡಾಶಯ ಚಿಕ್ಕದಾಗಿ ನುಣುಪಾಗಿದ್ದರೆ ಅದು ನಿಜವಾಗಿಯೂ ಕೆಲಸ ನಿಲ್ಲಿಸಿದೆ ಎಂದರ್ಥ. ಆಗ ಮೇವು, ಖನಿಜ, ಹುಳುವಿನ ಔಷಧ ಮೊದಲು, ಅಗತ್ಯವಿದ್ದರೆ ಹಾರ್ಮೋನು ಚಿಕಿತ್ಸೆ. ಅಂಡಾಶಯ ಕೆಲಸ ಮಾಡುತ್ತಿದ್ದು ಬೆದೆ ಮಾತ್ರ ಕಾಣದಿದ್ದರೆ ಪ್ರೋಸ್ಟಾಗ್ಲ್ಯಾಂಡಿನ್ ಸೂಜಿಮದ್ದಿನಿಂದ ಬೆದೆಯನ್ನು ಗೊತ್ತಾದ ದಿನಕ್ಕೆ ತರಿಸಬಹುದು.

ಇಲ್ಲೊಂದು ಎಚ್ಚರಿಕೆ. ಗೊಡ್ಡೆಂದು ಆಸ್ಪತ್ರೆಗೆ ಹೊಡೆದುಕೊಂಡು ಬಂದ ಎಮ್ಮೆ ಪರೀಕ್ಷೆಯಲ್ಲಿ ಗಬ್ಬವಾಗಿರುವುದು ಕಂಡುಬರುವುದುಂಟು. ಮೇಯಲು ಬಿಟ್ಟಾಗ ಯಾವುದೋ ಕೋಣ ಹಾರಿರುತ್ತದೆ, ಮನೆಯವರಿಗೆ ತಿಳಿದಿರುವುದಿಲ್ಲ. ಪರೀಕ್ಷಿಸದೆ "ಬೆದೆಗೆ ಬರುವ ಇಂಜೆಕ್ಷನ್" ಎಂದು ಅಂಗಡಿಯಿಂದ ತಂದು ಕೊಡಿಸಿದರೆ ಆ ಎಮ್ಮೆ ಕಂದು ಹಾಕುತ್ತದೆ. ಕೈಗೆ ಬರಬೇಕಾದ ಕರುವನ್ನು ನಾವೇ ಕಳೆದುಕೊಂಡಂತೆ.

ಮನೆಮಂದಿಯ ಆರೋಗ್ಯಕ್ಕೂ ಸಂಬಂಧ

ಗಬ್ಬದ ಕೊನೆಯ ತಿಂಗಳುಗಳಲ್ಲಿ ಎಮ್ಮೆ ಕಂದು ಹಾಕಿ ಸತ್ತೆ ಬೀಳದೆ ಹೋದರೆ ಬ್ರೂಸೆಲ್ಲಾ ರೋಗದ ಶಂಕೆ ಇರಲಿ. ಇದು ಮನುಷ್ಯರಿಗೂ ಹರಡುತ್ತದೆ. ಸತ್ತೆ, ಸ್ರಾವ ಮುಟ್ಟುವುದರಿಂದ, ಹಸಿ ಹಾಲು ಕುಡಿಯುವುದರಿಂದ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು, ಬಿಡದ ಸುಸ್ತು ಇದರ ಲಕ್ಷಣಗಳು. ಇಂತಹ ಜ್ವರ ಬಂದಾಗ ಮನೆಯಲ್ಲಿ ಎಮ್ಮೆ ಇದೆ, ಅದು ಕಂದು ಹಾಕಿದೆ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಹಾಗೆ ಹೇಳಿದರೆ ರೋಗ ಬೇಗ ಪತ್ತೆಯಾಗುತ್ತದೆ.

ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಯಿಗಳು ಎಳೆದಾಡದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಬಸುರಿಯರು, ಮಕ್ಕಳು ದೂರವಿರಲಿ. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಈ ರೋಗದ ಲಸಿಕೆಯನ್ನು ಸೇರಿಸಲಾಗಿದೆ. ನಿಮ್ಮ ಕರುವಿಗೆ ಆ ವಯಸ್ಸು ದಾಟುವ ಮುನ್ನ ಹಾಕಿಸಿ.

ಗೋಡೆಯ ಕ್ಯಾಲೆಂಡರೇ ಸಾಕು

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ ಎನ್ನುವಿರಾ? ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎಮ್ಮೆ ಈದ ದಿನವನ್ನು ಗುರುತು ಹಾಕಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಮರೆಯುವುದಿಲ್ಲ.

ಹನ್ನೆರಡು ಗಂಟೆ: ಸತ್ತೆ ಬಿದ್ದಿತೇ?

ಮೂರನೆಯ ವಾರ: ಸ್ರಾವ ನಿಂತಿತೇ? ವಾಸನೆ ಇದೆಯೇ?

45ನೇ ದಿನದಿಂದ: ನಸುಕಿನಲ್ಲಿ, ರಾತ್ರಿ ಮಲಗುವ ಮುನ್ನ ಮತ್ತು ಎರಡು ಹೊತ್ತು ಹಾಲು ಕರೆಯುವಾಗ ಬೆದೆಗಾಗಿ ನೋಡಿ. ಕಂಡ ಬೆದೆಯ ತಾರೀಖು ಬರೆದಿಡಿ.

60ನೇ ದಿನದ ನಂತರ: ಬಂದ ಬೆದೆಗೆ ಗರ್ಭಧಾರಣೆ ಮಾಡಿಸಿ. ಮುಂದಿನ 21ನೇ ದಿನದ ಸುಮಾರಿಗೆ ಮತ್ತೆ ಗಮನಿಸಿ.

90ನೇ ದಿನ: ಬೆದೆ ಕಾಣದಿದ್ದರೆ ಪಶುವೈದ್ಯರು.

ಗರ್ಭಧಾರಣೆಯಾಗಿ ಎರಡು ಎರಡೂವರೆ ತಿಂಗಳಿಗೆ: ಗಬ್ಬ ಪರೀಕ್ಷೆ. ಬೆದೆಗೆ ಬಾರದ ಮಾತ್ರಕ್ಕೆ ಗಬ್ಬ ನಿಂತಿತೆಂದು ನಂಬಿ ಕೂರಬೇಡಿ. ಮೂಕ ಬೆದೆಯ ಪ್ರಾಣಿಯಲ್ಲಿ ಆ ನಂಬಿಕೆ ಮೋಸ ಮಾಡುತ್ತದೆ.

ತುರ್ತು ಸಂದರ್ಭದಲ್ಲಿ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಎಮ್ಮೆ ಮಾತಾಡುವುದಿಲ್ಲ, ಬೆದೆಯನ್ನೂ ಹೇಳಿಕೊಳ್ಳುವುದಿಲ್ಲ. ಅದನ್ನು ಸಂತೆಗೆ ಹೊಡೆಯುವ ತೀರ್ಮಾನ ಮಾಡುವ ಮೊದಲು ಒಂದು ತಿಂಗಳು ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗಿ ನೋಡಿ. ಒಂದು ಸಲ ವೈದ್ಯರಿಗೆ ತೋರಿಸಿ. ಗೊಡ್ಡೆಂದುಕೊಂಡ ಎಮ್ಮೆ ಮುಂದಿನ ವರ್ಷ ನಿಮ್ಮ ಕೊಟ್ಟಿಗೆಯಲ್ಲೇ ಕರು ಹಾಕೀತು.